ನಮ್ಮ ಜೊತೆಗೇ ಬಂದ ಹಳೇ ಓನರ್

ನೆಲಮಂಗಲದ ಹೊಸ ಬಾಡಿಗೆ ಮನೆಯಲ್ಲಿ ಹಾಲೇನೋ ಚೆನ್ನಾಗಿ ಉಕ್ಕಿತು. ಆದರೆ ಫೋನಿನ ಮಾತು ಕೇಳಬೇಕಾದ ನಮ್ಮ ಬಲ್ಬು, ಫ್ಯಾನು, ಗೀಸರು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ದೊಡ್ಡಬಳ್ಳಾಪುರದ ಹಳೇ ಓನರ್ ತಮ್ಮ ಹೆಸರಿಟ್ಟಿದ್ದ ವೈಫೈಯನ್ನೇ ಅವು ಇನ್ನೂ ಹುಡುಕುತ್ತಿದ್ದವು. ಒಂದೊಂದನ್ನೂ ಮತ್ತೆ ಜೋಡಿಸಲು ಹೋಗಿ ಸುಸ್ತಾದ ನಮ್ಮ ಯಜಮಾನರು ಹೊಸ ವೈಫೈಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರು. ಎಲ್ಲವೂ ತಕ್ಷಣ ವಿಧೇಯವಾದವು.

ಸಂಜೆ ಮಹಡಿಯಿಂದ ಹೊಸ ಓನರ್ ಫೋನ್ ಹಿಡಿದುಕೊಂಡೇ ಇಳಿದು ಬಂದರು. "ಏನಮ್ಮಾ, ಮನೆ ಕಟ್ಸಿದ್ದು ನಾನು. ಇದ್ರಲ್ಲಿ 'ಮುನಿರಾಜಣ್ಣನ ಮನೆ' ಅಂತ ಬರ್ತೈತೆ! ಯಾರಮ್ಮಾ ಅವ್ನು?"

ಹೆಸರು ಬದಲಿಸಿದರೆ ಗೀಸರ್ ಮುನಿಸಿಕೊಳ್ಳುತ್ತದೆ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಎರಡು ಸಲ ಕಾಫಿಯಾಯಿತು.

ಬಾಡಿಗೆ ಈಗ ಇವರಿಗೇ ಕೊಡುತ್ತೇವೆ. ಸ್ನಾನಕ್ಕೆ ಮಾತ್ರ ಇಂದಿಗೂ ಮುನಿರಾಜಣ್ಣನ ಅಪ್ಪಣೆಯಾಗಬೇಕು.