ಹಡಗಿನಲ್ಲಿ ಅಕ್ಕೋರು

ಮೊನ್ನೆ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಹಣ್ಣಿನ ಬಂಡಿಯವನು ಹಸಿರು ಸೇಬೊಂದನ್ನು ಕೊಯ್ದು ರುಚಿ ನೋಡಲು ಕೊಟ್ಟ. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲ ಕೆಳಗಿನ ನೆಲ ತುಸು ಓಲಾಡಿದ ಹಾಗಾಯಿತು. ಹಡಗಿನ ಕೋಣೆ, ದುಂಡನೆಯ ಕಿಟಕಿ, ಅದರಾಚೆ ಏರಿಳಿಯುವ ನೀರು... ಆಮೇಲೆ ಅಕ್ಕೋರು.

ಅವರು ನಮ್ಮ ಎದುರುಮನೆಯವರು. ಕಮಲಾಪುರದ ಶಾಲೆಯಲ್ಲಿ ಟೀಚರಾಗಿದ್ದರಿಂದ ಓಣಿಗೆಲ್ಲ ಅಕ್ಕೋರು. ಮದುವೆಯಾಗಿರಲಿಲ್ಲ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಸಂಜೆ ಅವರು ಬರುವ ಹೊತ್ತಿಗೆ ನನ್ನ ಮಗಳು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ನಾನು ಏನು ಕೇಳಿದರೂ ‘ಏನಿಲ್ಲ’ ಎನ್ನುವವಳು, ಅವರ ಕಟ್ಟೆಯ ಮೇಲೆ ಕೂತು ಕತ್ತಲಾಗುವ ತನಕ ಮಾತಾಡುತ್ತಿದ್ದಳು. ನನ್ನ ಅಡುಗೆಮನೆಯ ಕಿಟಕಿಗೆ ಅವಳ ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮುಂಬೈಯಿಂದ ಗೋವಾಕ್ಕೆ ಹಡಗಿನ ಪ್ರವಾಸ ಹೊರಟೆವು. ‘ಅಕ್ಕೋರು ಬಂದ್ರ ಅಷ್ಟ ನಾ ಬರ್ತೀನಿ’ ಎಂದು ಮಗಳು ಹಟ ಹಿಡಿದಳು. ನನ್ನ ಗಂಡ ಒಪ್ಪಿಬಿಟ್ಟರು.

ದಂಡೆ ಕಣ್ಮರೆಯಾಗುತ್ತಲೇ ನನ್ನ ಹೊಟ್ಟೆ ತೊಳಸತೊಡಗಿತು. ಗುಳಿಗೆ ನುಂಗಿದೆ, ಅದೂ ಹೊರಬಂತು. ಹಡಗಿನವರು ಹಸಿರು ಸೇಬಿನ ಹೋಳು, ಉಪ್ಪು ಬಿಸ್ಕೀಟು ಇಟ್ಟುಹೋದರು. ಪಕ್ಕದ ಹಾಸಿಗೆಯಲ್ಲಿ ಗಂಡನೂ ತಲೆ ಹಿಡಿದುಕೊಂಡು ಮಲಗಿದ್ದರು. ಅಕ್ಕೋರಿಗೆ ಮಾತ್ರ ಏನೂ ಆಗಲಿಲ್ಲ. ಮಗಳ ಜಡೆ ಅವರೇ ಹೆಣೆದರು, ಅವಳನ್ನು ಊಟಕ್ಕೆ ಅವರೇ ಕರೆದೊಯ್ದರು. ನನಗೆ ವಾಂತಿಗಿಂತ ಅದೇ ಹೆಚ್ಚಿನ ಸಂಕಟ.

ಮರುದಿನ ಮಧ್ಯಾಹ್ನ ಅಕ್ಕೋರು ಒಬ್ಬರೇ ಒಳಗೆ ಬಂದು, ನನ್ನ ಹಣೆ ಒರೆಸಿ, ಹತ್ತಿರ ಕೂತರು.

‘ತಂಗೀ, ಹುಡುಗಿ ದೊಡ್ಡಾಕಿ ಆಗ್ಯಾಳ. ಅಂಜಬ್ಯಾಡ, ಎಲ್ಲಾ ಹೇಳಿಕೊಟ್ಟೀನಿ. ಈಗ ಆರಾಮ ಇದ್ದಾಳ.’

ಎದ್ದು ಕೂತೆ. ಕೋಣೆ ಗಿರ್ರನೆ ತಿರುಗಿತು. ‘ನಿಮಗ್ಯಾಕ ಹೇಳಿದ್ಳುರೀ? ನಾ ಇಲ್ಲೇ ಇದ್ದೆನಲ್ಲ!’

‘ನಿನಗ ಇನ್ನಾ ತ್ರಾಸ ಆಗ್ತದಂತ ಅಂಜಿದ್ಳು.’

ಆ ಗಳಿಗೆಗೆಂದು ಎಷ್ಟೋ ಮಾತು ಎತ್ತಿಟ್ಟುಕೊಂಡಿದ್ದೆ... ನನ್ನ ತಾಯಿ ನನಗೆ ಹೇಳಿದ್ದು, ಹೇಳದೆ ಬಿಟ್ಟಿದ್ದು. ಎಲ್ಲ ನನ್ನ ಬಾಯಲ್ಲೇ ಉಳಿಯಿತು. ಅವಳ ಹೆದರಿದ ಮುಖ ಕಂಡವರು ಅವರು. ಕಣ್ಣೀರು ಒರೆಸಿದವರೂ ಅವರು.

ಗೋಡೆ ಹಿಡಿದುಕೊಂಡು ಮೇಲೆ ಹೋದೆ. ಮಗಳು ಅಕ್ಕೋರ ಶಾಲು ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದಳು. ತಬ್ಬಿಕೊಳ್ಳಲು ಬಾಗಿದರೆ ನನಗೆ ಮತ್ತೆ ಓಕರಿಕೆ ಬಂತು. ಅವಳೇ ನನ್ನ ಬೆನ್ನು ನೀವಿದಳು.

‘ದೂರ ನೋಡ್ ಮಮ್ಮಿ, ನೀರು ಆಕಾಶ ಕೂಡೂ ಕಡೆ. ಹಂಗ ನೋಡಿದ್ರ ಹೊಟ್ಟಿ ನಿಂದ್ರತದಂತ ಅಕ್ಕೋರು ಹೇಳ್ಯಾರ.’

ನೋಡಿದೆ. ಹೊಟ್ಟೆ ನಿಜವಾಗಿಯೂ ನಿಂತಿತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಊರಿಗೆ ಬಂದು ಆರತಿ ಮಾಡುವ ದಿನ, ಹೆಂಗಸರೆಲ್ಲ ಸೇರಿದ ಮೇಲೂ ಮಗಳು ಮಣೆಯ ಮೇಲೆ ಕೂರಲಿಲ್ಲ. ‘ಅಕ್ಕೋರು ಬರ್ಲಿ’ ಎಂದಳು. ಕಮಲಾಪುರದ ಬಸ್ಸು ಬರುವವರೆಗೆ ನಾನು ಆರತಿ ತಟ್ಟೆ ಹಿಡಿದು ಕಾಯಬೇಕಾಯಿತು...

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಅಕ್ಕೋರು ಹೋಗಿಬಿಟ್ಟರು. ಮಗಳು ಈಗ ಗಂಡನ ಜೊತೆ ಬೀದರಿನಲ್ಲಿದ್ದಾಳೆ. ನಿನ್ನೆ ಬೆಳಿಗ್ಗೆ ಅವಳ ಫೋನು ಬಂತು.

‘ಮಮ್ಮಿ, ನಾ ಬಸರ ಆಗೀನಿ. ಮೊದಲ ನಿನಗೇ ಹೇಳಾಕತ್ತೀನಿ, ಇನ್ನಾ ಯಾರಿಗೂ ಹೇಳಿಲ್ಲ.’

ಆ ಮಾತಿಗಾಗಿ ಎಷ್ಟು ವರ್ಷ ಆಸೆಪಟ್ಟಿದ್ದೆ! ಫೋನಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ರಸ್ತೆ ದಾಟಿ, ಎದುರುಮನೆಯ ಗೇಟಿಗೆ ಕೈ ಹಾಕಿ, ‘ಅಕ್ಕೋರೇ’ ಎಂದು ಕೂಗಿದ ಮೇಲೆ ಬಾಗಿಲ ಬೀಗ ಕಣ್ಣಿಗೆ ಬಿತ್ತು.