ಶಾಂತವ್ವ ತಂದ ದಾಲ್ಚಿನ್ನಿ

“ಇದು ಹೆಂಗೈತಿ ನೋಡ್ರಿ ಕಾಕಾ” ಎಂದು ಶಾಂತವ್ವ ಸೆರಗಿನ ಗಂಟು ಬಿಚ್ಚಿ, ಒಂದು ದಾಲ್ಚಿನ್ನಿ ಚಕ್ಕೆಯನ್ನು ನಾಂಪಲ್ಲಿ ಪೇಟೆಯ ನನ್ನ ಮಸಾಲೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ತೊಗಟೆ ತೆಳುವಾಗಿತ್ತು, ಪದರ ಪದರವಾಗಿ ಸುತ್ತಿಕೊಂಡಿತ್ತು. ಮುರಿದು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಉಸಿರೆಳೆದೆ. “ಭಾಳ ಛಲೋ ಐತವಾ, ಒಳಗಿನ ಎಣ್ಣಿ ಇನ್ನೂ ಹಂಗ ಉಳದೈತಿ” ಎಂದೆ.

“ಅದು ನಿನ್ನಿ ಪಲಾವಿನ್ಯಾಗ ಕುದಿಸಿ, ತೊಳದು, ಒಣಗಿಸಿದ್ದು ಕಾಕಾ.”

ಚಳಿಗಾಲದ ಜ್ವರದ ನಂತರ ನನಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. ಘಮದ ಎಣ್ಣೆಯನ್ನು ಮೊದಲೇ ತೆಗೆದ ತೊಗಟೆಯೂ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಮೂಸಿದರೆ ಮಾತ್ರ ಗೊತ್ತಾಗುತ್ತದೆ. ಅಂಥ ಮಾಲನ್ನೇ ಮೂಸಿದಂತೆ ಮಾಡಿ, ಒಳ್ಳೆಯದೆಂದು ಅವಳಿಗೆ ಕೊಟ್ಟಿದ್ದೆ. ಅದನ್ನು ಹಾಕಿ ಕುಟ್ಟಿದ ಮಸಾಲೆಪುಡಿಯನ್ನು ಅವಳ ಗಿರಾಕಿಗಳು, ಗುಂಟೂರು ಕಡೆಯಿಂದ ಸರ್ಕಾರಿ ಕೆಲಸಕ್ಕೆ ಬಂದವರು, ಘಮವೇ ಇಲ್ಲವೆಂದು ಹಿಂದಿರುಗಿಸಿದ್ದರು. ಮತ್ತೆ ಯಾರೂ ಕೊಳ್ಳಲಿಲ್ಲ. ಆ ಪುಡಿಯಿಂದಲೇ ಅವಳ ಮನೆ ನಡೆಯುತ್ತಿತ್ತು.

ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸಿಟ್ಟಾಗಲಿಲ್ಲ.

“ಮೂಗು ಹೋದ್ರ ಹೋಗ್ಲಿ ಕಾಕಾ, ನನಗ ತಿಳಿಯಂಗಿಲ್ಲ ಅಂತ ಒಂದ್ ಮಾತು ಅನ್ನಬೇಕಿತ್ತಲ್ರೀ?” ಎಂದಳು.

ಅವಳ ವ್ಯಾಪಾರ ಮತ್ತೆ ಕುದುರಲಿಲ್ಲ. ಹಬ್ಬಕ್ಕೆ ಮನೆಮಟ್ಟಿಗೆ ಬೇಕಾದ ಮಸಾಲೆಗೆ ಈಗ ಎದುರಿನ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ನಿಂತು ಒಂದೊಂದು ಚಕ್ಕೆಯನ್ನೂ ಮುರಿದು ಮೂಸುತ್ತಾಳೆ. ನನ್ನ ಅಂಗಡಿಯಲ್ಲಿ ಇಷ್ಟು ವರ್ಷ ಅವಳು ಒಮ್ಮೆಯೂ ಮೂಸಿ ನೋಡಿರಲಿಲ್ಲ.