ಜೋಡಿ ತಪ್ಪಿದ ತೆಂಗಿನಕಾಯಿ

ನಾನು ಚಿಕ್ಕವನಿದ್ದಾಗ ನಾವು ಅಮೆರಿಕದ ಯೂನಿಯನ್ ಸಿಟಿಯಲ್ಲಿದ್ದೆವು, ಮಕ್ಕಳೇ. ಪಕ್ಕದ ಮನೆಯಲ್ಲಿ ಶಾಂತಸಾಗರದ ಒಂದು ಪುಟ್ಟ ದ್ವೀಪದಿಂದ ಬಂದ ಅಜ್ಜಿಯಿದ್ದರು. ಅವರ ಭಾಷೆಯಲ್ಲಿ ಮೀನಿಗೆ ಒಂದು ಎಣಿಕೆ, ತೆಂಗಿನಕಾಯಿಗೆ ಬೇರೆಯೇ ಎಣಿಕೆ. ಕಾಯಿಯನ್ನು ಜೋಡಿ ಜೋಡಿಯಾಗಿಯೇ ಎಣಿಸಬೇಕು. ಒಂಟಿ ಕಾಯಿಗೆ ಅದರಲ್ಲಿ ಹೆಸರೇ ಇರಲಿಲ್ಲ. ಅಜ್ಜಿಯ ಮೊಮ್ಮಕ್ಕಳು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದರು. ಆ ಎಣಿಕೆಯನ್ನು ಪಕ್ಕದಲ್ಲಿ ಕುಳಿತು ಕಲಿತವಳು ನನ್ನ ಅಕ್ಕ ಒಬ್ಬಳೇ.

"ಹದಿಮೂರರ ಮಗ್ಗಿ ಬರಲ್ಲ, ಪಕ್ಕದ್ಮನೆ ಲೆಕ್ಕ ಬರುತ್ತೇನೇ?" ಎಂದು ಅಪ್ಪ ಛೇಡಿಸುತ್ತಿದ್ದರು.

"ಅದು ಹಾಡಿನ ಥರ ಅಪ್ಪ, ತಾನಾಗೇ ಬರುತ್ತೆ" ಎನ್ನುತ್ತಿದ್ದಳು ಅಕ್ಕ.

ಒಂದು ಭಾನುವಾರ ಅಜ್ಜಿಯ ಮನೆಯಲ್ಲಿ ಮದುವೆಯ ಊಟ. ಕಾಯಿಗಳನ್ನು ಎಲ್ಲರೆದುರು ಕೂಗಿ ಎಣಿಸಿದ ಮೇಲೆಯೇ ಬಡಿಸುವುದು ಅವರ ಪದ್ಧತಿ. ಬೆಳಿಗ್ಗೆ ಅಜ್ಜಿ ತಾವೇ ಕಾಯಿಗಳನ್ನು ಜೋಡಿಸಿಟ್ಟು, ಎಣಿಸುವ ಗೌರವವನ್ನು ಅಕ್ಕನಿಗೆ ಕೊಟ್ಟರು. ಅವಳು ಎಣಿಕೆಯನ್ನು ಬಾಯಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಒಳ್ಳೆಯ ಕೆಲಸಕ್ಕೆ ಮೊದಲು ಅಪ್ಪ ಕಾಯಿ ಒಡೆಯುತ್ತಿದ್ದರಲ್ಲ? ಅಕ್ಕನಿಗೆ ವಿಘ್ನ ಬಾರದಿರಲೆಂದು ನಾನು ರಾಶಿಯಿಂದ ಒಂದನ್ನು ಎತ್ತಿಕೊಂಡು ಹೋಗಿ ಗರಾಜಿನ ಹಿಂದೆ ಒಡೆದೆ. ತಣ್ಣನೆಯ ನೀರು ಅಂಗಿಗೆಲ್ಲ ಚಿಮ್ಮಿತು.

ಒಲೆಯ ಹೊಗೆ, ಸುಟ್ಟ ಗೆಣಸಿನ ವಾಸನೆ. ಅಕ್ಕ ಎರಡೆರಡು ಕಾಯಿ ಎತ್ತಿದಂತೆ ಅವಳ ದನಿ ಏರುತ್ತಿತ್ತು. ಅಜ್ಜಿ ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಕೊನೆಗೆ ಅವಳ ಕೈಯಲ್ಲಿ ಒಂದೇ ಕಾಯಿ ಉಳಿಯಿತು. ಅದಕ್ಕೆ ಹೇಳಲು ಪದವಿರಲಿಲ್ಲ. ಮೊದಲಿನಿಂದ ಎಣಿಸಿದಳು. ಮತ್ತೆ ಒಂದು ಉಳಿಯಿತು.

"ಶೀ ಲಾಸ್ಟ್ ಕೌಂಟ್!" ಎಂದು ಹುಡುಗರು ನಕ್ಕರು.

ಅಕ್ಕ ನನ್ನತ್ತ ನೋಡಿದಳು. ನಾನು ಒದ್ದೆ ಅಂಗಿಯನ್ನು ಕೈಯಿಂದ ಮುಚ್ಚಿಕೊಂಡು ಹಿಂದೆ ಸರಿದೆ. ಅಜ್ಜಿಯ ಮಗ "ಇಟ್ಸ್ ಓಕೆ, ಹನಿ" ಎಂದು ಅವಳ ಭುಜ ತಟ್ಟಿ, ತಾನೇ ಇಂಗ್ಲಿಷಿನಲ್ಲಿ ಎಣಿಸಿ ಮುಗಿಸಿದ. ಇಂಗ್ಲಿಷಿನಲ್ಲಿ ಒಂಟಿ ಕಾಯಿಗೂ ಜಾಗವಿತ್ತು. ಅಜ್ಜಿ ಕಣ್ಣು ತೆರೆದರು. ಆಮೇಲೆ ಅಕ್ಕ ಕಲಿಯಲು ಆ ಮನೆಗೆ ಹೋಗಲೇ ಇಲ್ಲ.

ಹೋದ ವರ್ಷ ಅವಳಿಗೆ ಎಲ್ಲ ಹೇಳಿದೆ. "ಅಯ್ಯೋ ಪೆದ್ದ, ಇಷ್ಟು ವರ್ಷ ನಾನೇ ತಪ್ಪಿದೆ ಅಂದ್ಕೊಂಡಿದ್ನಲ್ಲೋ!" ಎಂದಳು. ಈಗ ಎಣಿಸು ಎಂದು ಬೇಡಿಕೊಂಡೆ. ಎರಡನೆಯ ಜೋಡಿಗೇ ನಿಂತಳು. ಅಜ್ಜಿ ಎಂದೋ ತೀರಿಕೊಂಡಿದ್ದರು.

ನಾನು ಹೆಚ್ಚು ಓದಿದವನಲ್ಲ. ನೀವು ಕೇಳಿದ್ದನ್ನೆಲ್ಲ ಫೋನು ಹೇಳುತ್ತದೆ. ನಮ್ಮ ಕಾಲದ ಆ ಬೀದಿಯಲ್ಲಿ ಒಂದು ಎಣಿಕೆ ಬೇಕೆಂದರೆ ಅದನ್ನು ಬಲ್ಲವರ ಪಕ್ಕ ಕೂರಬೇಕಿತ್ತು. "ಮೂರನೇ ಜೋಡಿಗೆ ಏನಂತಾರೆ, ತಾತ?" ಎಂದು ನೀವು ಕೇಳಿದಿರಿ. ನನಗೆ ಗೊತ್ತಿಲ್ಲ, ಮಕ್ಕಳೇ.